ಬೆರಕೆ ಅನ್ನೋದು ಬೈಗುಳ ಆಗಿದ್ದು ಯಾಕೆ? ಮಿಶ್ರ ಮೂಲದವರ ಕೆಲಸ, ಕಾಲಂ ಮತ್ತು ಲೆಕ್ಕ

296.

2019ರ ಡಿಸೆಂಬರ್‌ನಲ್ಲಿ ಆಗಿನ ಕೇಂದ್ರ ಕಾನೂನು ಸಚಿವ ರವಿಶಂಕರ್ ಪ್ರಸಾದ್ ಸಂಸತ್ತಿನಲ್ಲಿ ಹೇಳಿದ ಸಂಖ್ಯೆ ಇದು. 2011ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿರುವ ಆಂಗ್ಲೋ-ಇಂಡಿಯನ್ನರು ಇಷ್ಟೇ ಜನ ಅಂತ. ಬೆಂಗಳೂರಿನ ಕಾಕ್ಸ್ ಟೌನ್, ಕುಕ್ ಟೌನ್, ಲಿಂಗರಾಜಪುರದ ಕಡೆ ಒಂದು ಭಾನುವಾರ ಬೆಳಿಗ್ಗೆ ಓಡಾಡಿದ ಯಾರಿಗಾದರೂ ಈ ಲೆಕ್ಕ ಕೇಳಿದರೆ ನಗು ಬರುತ್ತೆ. ಸ್ವತಃ ಆಂಗ್ಲೋ-ಇಂಡಿಯನ್ ಆಗಿರುವ ರಾಜ್ಯಸಭಾ ಸದಸ್ಯ ಡೆರೆಕ್ ಓಬ್ರಿಯಾನ್ ಸೇರಿ ಹಲವರು ಇದನ್ನು ಪ್ರಶ್ನಿಸಿದರು. ಆದರೂ ಸಂವಿಧಾನದ 104ನೇ ತಿದ್ದುಪಡಿ ಪಾಸಾಯಿತು. 2020ರ ಜನವರಿ 25ರಿಂದ ಲೋಕಸಭೆಯ ಎರಡು ನಾಮನಿರ್ದೇಶಿತ ಸ್ಥಾನಗಳೂ ವಿಧಾನಸಭೆಗಳ ನಾಮನಿರ್ದೇಶನವೂ ನಿಂತುಹೋದವು. ನಮ್ಮ ವಿಧಾನಸಭೆಯ 225ನೇ ಕುರ್ಚಿ ಹೋಗಿ 224 ಉಳಿಯಿತು.

ಆ ಸೀಟುಗಳಿಗಾಗಿ ಅಳೋದು ನನ್ನ ಉದ್ದೇಶ ಅಲ್ಲ. ಆಳುವ ಪಕ್ಷ ತನಗೆ ಬೇಕಾದವರನ್ನು ಕೂರಿಸಿಕೊಳ್ಳುವ ವ್ಯವಸ್ಥೆ ಅದು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪ ಬಹುಮತ ಸಾಬೀತು ಮಾಡುವ ಮುಂಚೆ ಆಂಗ್ಲೋ-ಇಂಡಿಯನ್ ಸದಸ್ಯರ ನಾಮನಿರ್ದೇಶನ ಮಾಡಬೇಡಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಂದರೆ ಅಲ್ಲಿ ಒಂದು ಸಮುದಾಯದ ದನಿಗಿಂತ ಒಂದು ಓಟಿನ ಬೆಲೆ ಜಾಸ್ತಿ ಇತ್ತು.

ನನ್ನನ್ನು ಕಾಡೋದು ಬೇರೆ ಪ್ರಶ್ನೆ. ಎರಡು ಜನಾಂಗಗಳ ರಕ್ತ ಸೇರಿ ಹುಟ್ಟಿದ ಜನ ಕಣ್ಣೆದುರೇ ಇದ್ದರೂ ಸರ್ಕಾರದ ಕಾಗದದಲ್ಲಿ ಯಾಕೆ ಮಾಯವಾಗ್ತಾರೆ? ಹಾಗೆ ಮಾಯವಾದವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದಾಗ ಏನಾಗುತ್ತೆ? ಅಲ್ಲಂತೂ ಅವರು ಮಾಯವಾಗಿರೋದಿಲ್ಲ. ಎಲ್ಲರ ಕಣ್ಣೂ ಅವರ ಮೇಲೇ ಇರುತ್ತೆ. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲಾಗುತ್ತದೆ. ಯಾರು ಯಾವ ಕಾಲಂಗೆ ಸೇರ್ತಾರೆ ಅನ್ನುವ ಜಗಳ ಮತ್ತೆ ಎದ್ದಿರುವ ಹೊತ್ತಲ್ಲಿ, ಯಾವ ಒಂದು ಕಾಲಂಗೂ ಪೂರ್ತಿ ಸೇರದವರ ಬಗ್ಗೆ ಮಾತಾಡೋದು ಅಗತ್ಯ ಅಂತ ನನಗೆ ಅನಿಸುತ್ತೆ.

ವೈಟ್‌ಫೀಲ್ಡ್ ಯಾರದ್ದು?

ಐಟಿ ಕಾರಿಡಾರ್‌ನಲ್ಲಿ ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ನಮ್ಮಲ್ಲಿ ಎಷ್ಟು ಜನಕ್ಕೆ ವೈಟ್‌ಫೀಲ್ಡ್ ಹೆಸರಿನ ಕತೆ ಗೊತ್ತು? ಬಿಳಿ ಹೊಲಕ್ಕೂ ಬಿಳಿಯರಿಗೂ ಆ ಹೆಸರಿಗೂ ಸಂಬಂಧ ಇಲ್ಲ. ಡಿ.ಎಸ್. ವೈಟ್ ಅನ್ನುವವರು ಆಗ ಯುರೇಷಿಯನ್ನರು ಅಂತ ಕರೆಸಿಕೊಳ್ಳುತ್ತಿದ್ದ ಮಿಶ್ರ ಮೂಲದವರ ನಾಯಕರಾಗಿದ್ದರು. 1880ರ ದಶಕದ ಆರಂಭದಲ್ಲಿ ಮೈಸೂರು ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಈ ಸಮುದಾಯದ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಅಲ್ಲಿ ಎದ್ದ ಊರೇ ವೈಟ್‌ಫೀಲ್ಡ್.

ಊರು ಕಟ್ಟಬೇಕಾಗಿ ಬಂದ ಕಾರಣ ಗಮನಿಸಿ: ನೌಕರಿ. ಸರ್ಕಾರಿ ಕೆಲಸಗಳನ್ನೇ ನಂಬಿಕೊಂಡಿದ್ದ ಈ ಜನಕ್ಕೆ ಆ ಕೆಲಸಗಳು ಸಾಲುತ್ತಿರಲಿಲ್ಲ. ಹೊಲ ಉತ್ತು ಸ್ವಂತ ಕಾಲ ಮೇಲೆ ನಿಲ್ಲಲಿ ಅನ್ನುವುದು ಯೋಜನೆ. ಅಂದರೆ ಇವತ್ತು ಡೈವರ್ಸಿಟಿ, ಇನ್‌ಕ್ಲೂಷನ್ ಅಂತ ಪೋಸ್ಟರ್ ಅಂಟಿಸಿಕೊಂಡಿರುವ ಗಾಜಿನ ಕಟ್ಟಡಗಳು ನಿಂತಿರುವ ಊರು, ಹುಟ್ಟಿನ ಕಾರಣಕ್ಕೆ ಕೆಲಸದ ಬಾಗಿಲು ಅರ್ಧ ಮುಚ್ಚಿಸಿಕೊಂಡವರಿಗಾಗಿ ಹುಟ್ಟಿದ ಊರು.

ಆ ಬಾಗಿಲು ಮುಚ್ಚಿದ ಕತೆ ನೂರು ವರ್ಷ ಹಳೆಯದು. ಶುರುವಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಸಿಪಾಯಿಗಳು ಇಲ್ಲಿನ ಹೆಂಗಸರನ್ನು ಮದುವೆಯಾಗುವುದು ಬೇಕಿತ್ತು. ಇಂಗ್ಲೆಂಡಿನಿಂದ ಹೆಂಗಸರನ್ನು ಕರೆತರೋದು ದುಬಾರಿ, ಸೈನ್ಯಕ್ಕೆ ಮುಂದಿನ ತಲೆಮಾರೂ ಬೇಕು. ಆ ಮಕ್ಕಳು ದೊಡ್ಡವರಾಗಿ ಒಳ್ಳೇ ಹುದ್ದೆಗಳಿಗೆ ಬರತೊಡಗಿದಾಗ ಕಂಪನಿಗೆ ಕಣ್ಣುರಿ ಶುರುವಾಯಿತು. 1786ರಲ್ಲಿ ಕಲ್ಕತ್ತಾದ ಮಿಲಿಟರಿ ಅನಾಥಾಲಯದ ಮಿಶ್ರ ಮೂಲದ ಮಕ್ಕಳು ಓದಲು ಇಂಗ್ಲೆಂಡಿಗೆ ಹೋಗುವುದನ್ನು ತಡೆದರು. 1791ರಲ್ಲಿ, ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೂ ಕಂಪನಿಯ ನಾಗರಿಕ, ಸೈನಿಕ, ನೌಕಾ ಹುದ್ದೆಗಳು ಇಲ್ಲ ಅಂದರು. 1795ರಲ್ಲಿ ಸೈನ್ಯದಲ್ಲಿ ಕೊಳಲು ಊದುವ, ಡೋಲು ಬಡಿಯುವ, ಕುದುರೆಗೆ ಲಾಳ ಕಟ್ಟುವಂಥ ಕೆಲಸ ಬಿಟ್ಟು ಬೇರೇನೂ ಸಿಗದ ಹಾಗೆ ಮಾಡಿದರು.

ಜೇಮ್ಸ್ ಸ್ಕಿನ್ನರ್ ಹೆಸರು ಕೇಳಿರಬಹುದು. ತಂದೆ ಸ್ಕಾಟಿಷ್, ತಾಯಿ ರಜಪೂತ ಮನೆತನದವರು. ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗುವ ದಾರಿ ಇಲ್ಲದೆ ಆತ ಹೋಗಿದ್ದು ಮರಾಠಾ ಸಿಂಧಿಯಾ ಸೈನ್ಯಕ್ಕೆ. 1803ರಲ್ಲಿ ಮರಾಠರ ಜೊತೆ ಯುದ್ಧ ಬಂದಾಗ ಕಂಪನಿಗೆ ಇದೇ ಮನುಷ್ಯ ಬೇಕಾದ. ಆತ ಕಟ್ಟಿದ ಕುದುರೆ ದಳ ಇವತ್ತಿಗೂ ಭಾರತೀಯ ಸೈನ್ಯದಲ್ಲಿ ಸ್ಕಿನ್ನರ್ಸ್ ಹಾರ್ಸ್ ಅನ್ನುವ ಹೆಸರಿನಲ್ಲೇ ಇದೆ. ಬೇಡವಾದಾಗ ರಕ್ತ ನೋಡು, ಬೇಕಾದಾಗ ಕೆಲಸ ನೋಡು. ಆಮೇಲೆ ಬಂದ ಎಲ್ಲವೂ ಈ ಸೂತ್ರದ ಬೇರೆ ಬೇರೆ ರೂಪಗಳೇ.

ನಡು ಮೆಟ್ಟಿಲಿನ ಬೆಲೆ

1857ರ ನಂತರ ಬ್ರಿಟಿಷರಿಗೆ ನಂಬಿಕಸ್ಥರು ಬೇಕಾದರು. ರೈಲು, ತಂತಿ, ಕಸ್ಟಮ್ಸ್‌ಗಳಲ್ಲಿ ಆಂಗ್ಲೋ-ಇಂಡಿಯನ್ನರಿಗೆ ಜಾಗ ಸಿಕ್ಕಿತು. ರೈಲಿನ ಡ್ರೈವರ್, ಗಾರ್ಡ್, ತಂತಿ ಕಚೇರಿಯ ಸಿಗ್ನಲರ್. ಹುಬ್ಬಳ್ಳಿಯಂಥ ರೈಲ್ವೆ ಊರುಗಳಲ್ಲಿ ಅವರ ಕಾಲೊನಿ, ಅವರ ಇನ್‌ಸ್ಟಿಟ್ಯೂಟ್, ಅವರ ಡಾನ್ಸ್ ಹಾಲ್ ಎದ್ದವು. ಕೋಲಾರದ ಚಿನ್ನದ ಗಣಿಯಲ್ಲಿ ಈ ಏಣಿ ಇನ್ನೂ ಸ್ಪಷ್ಟವಾಗಿತ್ತು. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಮೇಲೆ ಯುರೋಪಿಯನ್ ಎಂಜಿನಿಯರ್‌ಗಳು, ನಡುವೆ ಆಂಗ್ಲೋ-ಇಂಡಿಯನ್ ಮೇಲ್ವಿಚಾರಕರು, ಪಾತಾಳದಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತ ಕಾರ್ಮಿಕರು. ಮನೆಯ ಗಾತ್ರ, ಕ್ಲಬ್ಬಿನ ಬಾಗಿಲು, ಸಂಬಳ ಎಲ್ಲವೂ ಈ ಮೂರು ಮೆಟ್ಟಿಲಿನ ಪ್ರಕಾರ.

ಇಲ್ಲಿ ಎರಡು ಸತ್ಯಗಳನ್ನು ಒಟ್ಟಿಗೆ ಹೇಳಬೇಕು. ಒಂದು, ನಡು ಮೆಟ್ಟಿಲಿನವರಿಗೆ ಕೆಳಗಿನವರಿಗಿಂತ ಹೆಚ್ಚು ಸವಲತ್ತು ಇತ್ತು. ಅದನ್ನು ಮುಚ್ಚಿಟ್ಟು ಬರೀ ಕಷ್ಟದ ಕತೆ ಹೇಳಿದರೆ ಗಣಿಯ ಆಳದಲ್ಲಿ ಸಿಲಿಕೋಸಿಸ್ ಹತ್ತಿಸಿಕೊಂಡು ಸತ್ತವರಿಗೆ ಅನ್ಯಾಯ. ಇನ್ನೊಂದು, ಆ ಸವಲತ್ತು ಅವರದ್ದಾಗಿರಲಿಲ್ಲ, ಬಾಡಿಗೆಯದ್ದು. ಮುಷ್ಕರ ಆದಾಗ ರೈಲು ಓಡಿಸಿ, ದಂಗೆ ಎದ್ದಾಗ ನಮ್ಮ ಕಡೆ ನಿಲ್ಲಿ ಅನ್ನುವುದೇ ಬಾಡಿಗೆ. ಯುರೋಪಿಯನ್‌ನಷ್ಟು ಸಂಬಳ ಎಂದೂ ಇಲ್ಲ. ಭಾರತೀಯರ ಕಣ್ಣಲ್ಲಿ ದೊರೆಗಳ ಬಾಲ, ದೊರೆಗಳ ಕಣ್ಣಲ್ಲಿ ಅರೆ ಕರಿಯರು. ಮಿಶ್ರ ಜನರನ್ನು ಬೇಲಿಯಾಗಿ ನಿಲ್ಲಿಸುವ ಈ ತಂತ್ರ ಭಾರತದ್ದೊಂದೇ ಅಲ್ಲ. ದಕ್ಷಿಣ ಆಫ್ರಿಕಾದ ಅಪಾರ್ಥೈಡ್ ಸರ್ಕಾರವೂ ‘ಕಲರ್ಡ್’ ಅನ್ನುವ ಪ್ರತ್ಯೇಕ ವರ್ಗ ಮಾಡಿ, ಪಶ್ಚಿಮ ಕೇಪ್‌ನಲ್ಲಿ ಅವರಿಗೆ ಉದ್ಯೋಗದಲ್ಲಿ ಆದ್ಯತೆ ಕೊಟ್ಟು, ಕಪ್ಪು ಜನರನ್ನು ಹೊರಗಿಟ್ಟಿತ್ತು.

ಸ್ವಾತಂತ್ರ್ಯ ಬಂದಾಗ ಸಂವಿಧಾನ ಈ ಬಾಡಿಗೆಯ ಕೊನೆಯ ಕಂತನ್ನು ನಿಗದಿ ಮಾಡಿತು. 336ನೇ ವಿಧಿ ಪ್ರಕಾರ ರೈಲ್ವೆ, ಕಸ್ಟಮ್ಸ್, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಮೊದಲ ಎರಡು ವರ್ಷ ಹಳೇ ಪದ್ಧತಿಯಂತೆ ನೇಮಕ, ನಂತರ ಪ್ರತಿ ಎರಡು ವರ್ಷಕ್ಕೆ ಶೇ 10ರಷ್ಟು ಕಡಿತ, ಹತ್ತು ವರ್ಷಕ್ಕೆ ಪೂರ್ತಿ ಬಂದ್. 1960ರ ಹೊತ್ತಿಗೆ ಅದು ಮುಗಿಯಿತು. ಎಷ್ಟೋ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟವು. ಉಳಿದವರು ಉಳಿದರು.

ಇದೇ ಸಂವಿಧಾನದ 366(2)ನೇ ವಿಧಿಯ ವ್ಯಾಖ್ಯಾನ ನೋಡಿ. ತಂದೆ ಅಥವಾ ತಂದೆಯ ಕಡೆಯ ಗಂಡು ಪೂರ್ವಜರಲ್ಲಿ ಯಾರಾದರೂ ಯುರೋಪಿಯನ್ ಮೂಲದವರಾಗಿದ್ದರೆ ಮಾತ್ರ ಆಂಗ್ಲೋ-ಇಂಡಿಯನ್. ತಾಯಿ ಆಂಗ್ಲೋ-ಇಂಡಿಯನ್, ತಂದೆ ಕನ್ನಡಿಗ ಆದರೆ ಮಗಳು ಕಾನೂನಿನ ಕಣ್ಣಲ್ಲಿ ಅಲ್ಲ. ಅವಳ ಮುಖ ನೋಡಿ ಬೀದಿಯಲ್ಲಿ ಕೂಗುವವರಿಗೆ ಮಾತ್ರ ಈ ವಿಧಿ ಗೊತ್ತಿರೋದಿಲ್ಲ.

‘ಒರಿಜಿನಲ್ಲಾಗಿ ಎಲ್ಲಿ?’

ಈಗ ಇವತ್ತಿನ ಆಫೀಸಿಗೆ ಬರೋಣ. ವೈಟ್‌ಫೀಲ್ಡ್ ಸುತ್ತಮುತ್ತಲಿನ ಕಂಪನಿಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಮಿಶ್ರ ಮೂಲದ ಸಹೋದ್ಯೋಗಿಗಳ ಜೊತೆ ಊಟದ ಟೇಬಲ್ ಹಂಚಿಕೊಂಡಿದ್ದೇನೆ. ಹೆಸರು, ಕಂಪನಿ ಬೇಡ. ಆದರೆ ಕಂಡಿದ್ದನ್ನು ಹೇಳಬೇಕು.

ಒಬ್ಬ ಗೆಳತಿ, ಐದು ತಲೆಮಾರಿನಿಂದ ಬೆಂಗಳೂರಿನವಳು, ಆಂಗ್ಲೋ-ಇಂಡಿಯನ್. ಹೊಸ ಟೀಮಿಗೆ ಹೋದಾಗೆಲ್ಲ ಒಂದೇ ಸಂಭಾಷಣೆ.

‘ನಿಮ್ಮ ನೇಟಿವ್ ಯಾವುದು?’

‘ಬೆಂಗಳೂರೇ.’

‘ಅಲ್ಲ, ಒರಿಜಿನಲ್ಲಾಗಿ ಎಲ್ಲಿ?’

ಇದನ್ನು ಕೇಳುವವರು ಬಹುತೇಕ ಹತ್ತು ವರ್ಷದ ಹಿಂದೆ ಈ ಊರಿಗೆ ಬಂದವರು. ಅವಳು ಕನ್ನಡ ಮಾತಾಡಿದರೆ ಚಪ್ಪಾಳೆ ಬೀಳುತ್ತೆ, ಪ್ರವಾಸಿಗೆ ಹೊಡೆದ ಹಾಗೆ. ಇಂಗ್ಲಿಷ್ ಮಾತಾಡಿದರೆ ಚಪ್ಪಾಳೆ ಇಲ್ಲ, ಕೆಲಸ ಇದೆ. ಕಷ್ಟದ ಕ್ಲೈಂಟ್ ಕಾಲ್ ಬಂತು ಅಂದರೆ ಅವಳನ್ನು ಕೂರಿಸ್ತಾರೆ. ಅಪ್ರೈಸಲ್ ಬಂದಾಗ ಅದೇ ಮಾತುಗಾರಿಕೆ ಲೆಕ್ಕಕ್ಕಿಲ್ಲ. ‘ಅದು ನಿಮ್ಮ ಮನೆ ಭಾಷೆ ಬಿಡಿ’ ಅಂತಾರೆ. ಬೇರೆಯವರು ಕಲಿತರೆ ಅದು ಕೌಶಲ, ಅವಳಲ್ಲಿದ್ದರೆ ಅದು ರಕ್ತ. ರಕ್ತಕ್ಕೆ ಇನ್‌ಕ್ರಿಮೆಂಟ್ ಯಾರು ಕೊಡ್ತಾರೆ? ಅವಳ ಅಜ್ಜಿಯ ಕಾಲದ ಹೆಂಗಸರು ಟೆಲಿಫೋನ್ ಆಪರೇಟರ್, ಸ್ಟೆನೋ, ನರ್ಸ್ ಆಗಿ ದುಡಿದರು. ಮಧ್ಯಮ ವರ್ಗದ ಬೇರೆ ಮನೆಗಳ ಹೆಣ್ಣುಮಕ್ಕಳು ಹೊಸ್ತಿಲು ದಾಟುವ ಮುಂಚೆಯೇ ಸಂಬಳ ಎಣಿಸಿದರು. ಅದಕ್ಕೆ ಸಿಕ್ಕ ಬಹುಮಾನ ಅಂದರೆ ನಮ್ಮ ಸಿನಿಮಾಗಳ ಗಿಡ್ಡ ಸ್ಕರ್ಟಿನ, ಬಾಸ್‌ನ ಮೇಜಿಗೆ ಒರಗಿ ನಿಲ್ಲುವ ಸೆಕ್ರೆಟರಿ ಪಾತ್ರ. ಆ ಪಾತ್ರದ ನೆರಳು ಇವತ್ತಿಗೂ ಫ್ರಂಟ್ ಡೆಸ್ಕ್ ವರೆಗೂ ಹಿಂಬಾಲಿಸಿಕೊಂಡು ಬರುತ್ತೆ.

ಇನ್ನೊಬ್ಬ ಗೆಳೆಯ. ತಾಯಿ ಕರಾವಳಿಯವರು, ತಂದೆ ಓದಲು ಬಂದ ಆಫ್ರಿಕಾದವರು. ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಗೇಟಿನಲ್ಲಿ ಎಲ್ಲರೂ ಕಾರ್ಡ್ ತೋರಿಸಿ ಒಳಗೆ ಹೋದರೆ ಇವನ ಕಾರ್ಡನ್ನು ಮಾತ್ರ ತಿರುಗಿಸಿ ನೋಡ್ತಾರೆ. ರಾತ್ರಿ ಶಿಫ್ಟಿನ ಕ್ಯಾಬ್ ಡ್ರೈವರ್ ಲೊಕೇಶನ್‌ಗೆ ಬಂದು, ಮುಖ ನೋಡಿ, ಹಾಗೇ ಮುಂದೆ ಹೋದದ್ದೂ ಉಂಟು. ಆದರೆ ಕಂಪನಿಯ ವೆಬ್‌ಸೈಟಿಗೆ ಫೋಟೋ ತೆಗೆಯುವ ದಿನ ಅವನೇ ಮೊದಲ ಸಾಲಿನಲ್ಲಿ. ‘ಇಂಟರ್‌ನ್ಯಾಷನಲ್ ಲುಕ್ ಬರುತ್ತೆ’ ಅಂತ. ಗೇಟಿನಲ್ಲಿ ಅನುಮಾನ, ಬ್ರೋಷರಿನಲ್ಲಿ ಅಲಂಕಾರ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ತಾಯಿ ಮಣಿಪುರದವರು, ತಂದೆ ಮಂಡ್ಯ ಕಡೆಯವರು. ಮಗಳಿಗೆ ಬಂದಿರೋದು ತಂದೆಯ ಮುಖ, ತಂದೆಯ ಹೆಸರು. ಹಾಗಾಗಿ ಈಶಾನ್ಯದವರ ಬಗ್ಗೆ ಅವರ ಬೆನ್ನ ಹಿಂದೆ ಆಡುವ ಮಾತುಗಳನ್ನೆಲ್ಲ ಇವಳ ಮುಂದೆಯೇ ಆಡ್ತಾರೆ. ಊಟದ ವಾಸನೆ, ಕಣ್ಣಿನ ಆಕಾರ, ಹುಡುಗಿಯರ ‘ಸ್ವಭಾವ’. ಸುಮ್ಮನಿದ್ದರೆ ಅಮ್ಮನಿಗೆ ಮೋಸ ಮಾಡಿದ ಹಾಗೆ. ಬಾಯಿಬಿಟ್ಟರೆ ‘ಅಯ್ಯೋ ಗೊತ್ತಿದ್ದಿದ್ರೆ ಹೇಳ್ತಿರಲಿಲ್ಲ’ ಅನ್ನುವ ಕ್ಷಮೆ. ಆ ಕ್ಷಮೆಯ ಅರ್ಥ ಏನು? ಮಾತು ತಪ್ಪಲ್ಲ, ನೀನು ಕೇಳಿಸಿಕೊಂಡಿದ್ದು ತಪ್ಪು ಅಂತ.

ಈ ಮೂವರ ಅನುಭವದಲ್ಲಿ ಸಾಮಾನ್ಯವಾದದ್ದು ಒಂದಿದೆ. ಅವರು ಯಾರು ಅನ್ನೋದನ್ನು ಅವರು ತೀರ್ಮಾನಿಸೋದಿಲ್ಲ, ಎದುರಿಗಿರುವವರು ತೀರ್ಮಾನಿಸ್ತಾರೆ. ಅದೂ ದಿನಕ್ಕೊಂದು ಥರ. ಹಳೇ ಮೈಸೂರಿನ ಕಡೆ ಬೆರಕೆ ಸೊಪ್ಪಿನ ಸಾರು ಅಂದರೆ ಬಾಯಲ್ಲಿ ನೀರೂರುತ್ತೆ. ಅದೇ ಬೆರಕೆ ಅನ್ನೋ ಪದವನ್ನು ಮನುಷ್ಯನಿಗೆ ಅಂಟಿಸಿದರೆ ಬೈಗುಳ. ಸೊಪ್ಪಿನಲ್ಲಿ ಯಾರೂ ಶುದ್ಧಿ ಹುಡುಕೋದಿಲ್ಲ. ಮನುಷ್ಯರಲ್ಲಿ ಹುಡುಕ್ತಾರೆ, ಯಾಕೆಂದರೆ ಮದುವೆಯ ಬೇಲಿ ಮುರಿದಿದ್ದಕ್ಕೆ ಸಾಕ್ಷಿಯಾಗಿ ಆ ಮಗು ನಿಂತಿರುತ್ತೆ. ಜಾತಿ ವ್ಯವಸ್ಥೆ ಇರುವ ಸಮಾಜ ಜನಾಂಗವನ್ನೂ ಜಾತಿಯ ಕನ್ನಡಕದಲ್ಲೇ ನೋಡುತ್ತೆ.

ಅಮೆರಿಕದ ಕಾಲಂ, ಅಮೆರಿಕದ ಕೋರ್ಟು

ಈ ವಿಷಯದಲ್ಲಿ ಅತಿ ಹೆಚ್ಚು ಚರ್ಚೆ ನಡೆದಿರೋದು ಅಮೆರಿಕದಲ್ಲಿ. ಅಲ್ಲಿಗೆ ಕೆಲಸಕ್ಕೆ ಹೋದ ಕನ್ನಡಿಗರ ಮಕ್ಕಳಲ್ಲಿ ಎಷ್ಟೋ ಜನ ಬೇರೆ ಜನಾಂಗದವರನ್ನು ಮದುವೆಯಾಗಿದ್ದಾರೆ. ಅವರ ಮಕ್ಕಳು ನಾಳೆ ಈ ಫಾರ್ಮ್‌ಗಳನ್ನು ತುಂಬುವವರು. ಹಾಗಾಗಿ ಇದು ನಮಗೂ ಸಂಬಂಧಪಟ್ಟದ್ದೇ.

1967ರ ಜೂನ್ 12ರವರೆಗೂ ಅಮೆರಿಕದ ಹಲವು ರಾಜ್ಯಗಳಲ್ಲಿ ಅಂತರ್ಜನಾಂಗೀಯ ಮದುವೆ ಅಪರಾಧವಾಗಿತ್ತು. ಲವಿಂಗ್ ವರ್ಸಸ್ ವರ್ಜೀನಿಯಾ ತೀರ್ಪು ಆ ಕಾನೂನುಗಳನ್ನು ಹೊಡೆದುಹಾಕಿತು. ಆದರೂ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕುವ ಅವಕಾಶ ಸಿಕ್ಕಿದ್ದು 2000ದಲ್ಲಿ. 2010ರಲ್ಲಿ ಹಾಗೆ ಗುರುತು ಹಾಕಿದವರು 90 ಲಕ್ಷ. 2020ರಲ್ಲಿ 3.38 ಕೋಟಿ, ಅಂದರೆ ಜನಸಂಖ್ಯೆಯ ಶೇ 10ಕ್ಕಿಂತ ಹೆಚ್ಚು. ಹತ್ತು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಿದರಾ? ಇಲ್ಲ. ಪ್ರಶ್ನೆ ಕೇಳುವ ರೀತಿ, ಉತ್ತರವನ್ನು ವರ್ಗೀಕರಿಸುವ ರೀತಿ ಬದಲಾಗಿದ್ದೇ ದೊಡ್ಡ ಕಾರಣ ಅಂತ ಅಲ್ಲಿನ ಜನಗಣತಿ ಇಲಾಖೆಯೇ ಹೇಳಿತು. ನಮ್ಮ 296ಕ್ಕೂ ಅವರ 3.38 ಕೋಟಿಗೂ ಇರುವ ಪಾಠ ಒಂದೇ: ಕೇಳುವ ಹಾಗೆ ಕೇಳಿದರೆ ಜನ ಸಿಗ್ತಾರೆ.

ಉದ್ಯೋಗದ ಕಡೆ ನೋಡಿದರೆ, ಅಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಪ್ರತಿ ವರ್ಷ ಇಇಒ-1 ಅನ್ನುವ ವರದಿ ಕೊಡಬೇಕು. ಯಾವ ಹುದ್ದೆಯಲ್ಲಿ ಯಾವ ಜನಾಂಗದವರು ಎಷ್ಟು ಅಂತ. ಅದರಲ್ಲಿ ‘ಎರಡು ಅಥವಾ ಹೆಚ್ಚು ಜನಾಂಗ’ ಅನ್ನುವ ಕಾಲಂ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ತಾಯಿ ಭಾರತೀಯಳು, ತಂದೆ ಕಪ್ಪು ವರ್ಣೀಯ ಆಗಿರುವವಳೂ, ತಾಯಿ ಬಿಳಿಯಳು, ತಂದೆ ಮೂಲನಿವಾಸಿ ಆಗಿರುವವನೂ ಅದೇ ಒಂದು ಡಬ್ಬಕ್ಕೆ ಬೀಳ್ತಾರೆ. ಇಬ್ಬರ ಬದುಕಿಗೂ ಏನು ಸಂಬಂಧ? ಅದಕ್ಕಿಂತ ತಮಾಷೆ ಅಂದರೆ, ನೌಕರ ಉತ್ತರ ಕೊಡದಿದ್ದರೆ ಕಂಪನಿ ದಾಖಲೆ ನೋಡಿ ಅಥವಾ ಕಣ್ಣಿಂದ ನೋಡಿ ಊಹಿಸಿ ತುಂಬಬಹುದು ಅನ್ನುವ ಪದ್ಧತಿ. ಎಚ್ಆರ್ ನಿಮ್ಮನ್ನು ನೋಡಿ ನೀವು ಯಾರು ಅಂತ ಬರೆಯೋದು. ನನ್ನ ಗೆಳತಿಗೆ ಟೀಮಿನಲ್ಲಿ ಆಗುತ್ತಿದ್ದದ್ದೇ ಅಲ್ಲಿ ಸರ್ಕಾರಿ ಲೆಕ್ಕ ಆಗಿದೆ.

2024ರ ಜುಲೈ 31ರಂದು ಷಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಡೊನಾಲ್ಡ್ ಟ್ರಂಪ್ ಆಡಿದ ಮಾತು ನೆನಪಿರಬಹುದು. ಕಮಲಾ ಹ್ಯಾರಿಸ್ ಇಷ್ಟು ದಿನ ತನ್ನನ್ನು ಭಾರತೀಯಳು ಅಂತ ಹೇಳಿಕೊಳ್ಳುತ್ತಿದ್ದಳು, ಈಗ ಇದ್ದಕ್ಕಿದ್ದಂತೆ ಕಪ್ಪು ವರ್ಣೀಯಳಾದಳು ಅನ್ನುವ ಅರ್ಥದ ಮಾತು. ತಾಯಿ ತಮಿಳು ಮೂಲದ ಕ್ಯಾನ್ಸರ್ ಸಂಶೋಧಕಿ ಶ್ಯಾಮಲಾ ಗೋಪಾಲನ್, ತಂದೆ ಜಮೈಕಾದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಹ್ಯಾರಿಸ್. ಓದಿದ್ದು ಕಪ್ಪು ಜನರ ಐತಿಹಾಸಿಕ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ. ಇಷ್ಟೆಲ್ಲ ದಾಖಲೆ ಇದ್ದರೂ, ಆ ದೇಶದ ಅತಿ ದೊಡ್ಡ ಕೆಲಸದ ಸಂದರ್ಶನದಲ್ಲಿ ಆಕೆಗೆ ಬಂದ ಪ್ರಶ್ನೆ: ‘ನೀನು ನಿಜಕ್ಕೂ ಯಾವುದು?’ ಇಲ್ಲಿ ನಾವು ಕೂಡ ಸಂಭಾವಿತರಲ್ಲ. ಗೆದ್ದಾಗ ‘ನಮ್ಮ ಹುಡುಗಿ’ ಅಂತ ಬ್ಯಾನರ್ ಕಟ್ಟಿದ ಎಷ್ಟೋ ಜನ, ಆಕೆಯ ಕಪ್ಪು ತಂದೆಯ ಅರ್ಧವನ್ನು ಬಾಯಿಗೇ ತರಲಿಲ್ಲ.

ಕೋರ್ಟುಗಳಲ್ಲಿ ಏನಾಗುತ್ತೆ? ಇಲ್ಲಿ ಇಬ್ಬರು ಕಾನೂನು ವಿದ್ವಾಂಸರ ವಾದಗಳು ಮುಖ್ಯ. ನ್ಯಾನ್ಸಿ ಲಿಯಾಂಗ್ 2010ರ ತಮ್ಮ ಲೇಖನದಲ್ಲಿ ಹೇಳಿದ್ದು: ಮಿಶ್ರ ಮೂಲದ ನೌಕರರು ತಾರತಮ್ಯದ ಕೇಸು ಹಾಕಿದಾಗ ಕೋರ್ಟುಗಳು ಅವರನ್ನು ಯಾವುದೋ ಒಂದು ಜನಾಂಗಕ್ಕೆ ಸೇರಿಸಿಬಿಡುತ್ತವೆ. ಮಿಶ್ರವಾಗಿರುವುದಕ್ಕೇ ಹುಟ್ಟುವ ದ್ವೇಷ ಹಾಗೆ ಅಳಿಸಿಹೋಗುತ್ತದೆ. ತಾನ್ಯಾ ಕಟೇರಿ ಹರ್ನಾಂಡೆಜ್ 2018ರ ತಮ್ಮ ಪುಸ್ತಕದಲ್ಲಿ ಇದಕ್ಕೆ ತಿರುಗೇಟು ಕೊಟ್ಟರು. ಕೇಸುಗಳನ್ನು ತೆಗೆದು ನೋಡಿದರೆ ಬಹುತೇಕ ಕಡೆ ಬೈದಿರುವುದು, ಕಡೆಗಣಿಸಿರುವುದು ಅವರ ಬಿಳಿಯಲ್ಲದ ಭಾಗವನ್ನು, ಅದರಲ್ಲೂ ಕಪ್ಪು ಭಾಗವನ್ನು. ಅದಕ್ಕೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಸಾಕು. ‘ನನ್ನ ಗುರುತನ್ನು ಸರಿಯಾಗಿ ಹೆಸರಿಸಿ’ ಅನ್ನುವುದೇ ಮುಖ್ಯ ಬೇಡಿಕೆ ಆದರೆ ಬಿಳಿ ಮೇಲರಿಮೆಯ ಪ್ರಶ್ನೆ ಹಿಂದೆ ಸರಿಯುತ್ತದೆ ಅನ್ನುವುದು ಅವರ ಎಚ್ಚರಿಕೆ.

ನಾನು ಇಬ್ಬರ ನಡುವೆ ನಿಲ್ಲೋದಿಲ್ಲ. ಮೂಲ ವಿಚಾರದಲ್ಲಿ ಹರ್ನಾಂಡೆಜ್ ಕಡೆಗೇ ನನ್ನ ಒಲವು. ಗೇಟಿನಲ್ಲಿ ನನ್ನ ಗೆಳೆಯನನ್ನು ತಡೆದವರು ಅವನ ಮಿಶ್ರತನಕ್ಕೆ ತಡೆಯಲಿಲ್ಲ, ಕಪ್ಪು ಚರ್ಮಕ್ಕೆ ತಡೆದರು. ಅವನ ಜಾಗದಲ್ಲಿ ಪೂರ್ತಿ ಆಫ್ರಿಕಾದವನು ಇದ್ದಿದ್ದರೂ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಕನ್ನಡಿಗ ಸಿದ್ದಿ ಇದ್ದಿದ್ದರೂ ಆಗುತ್ತಿದ್ದದ್ದು ಅದೇ. ಶತಮಾನಗಳಿಂದ ಇಲ್ಲೇ ಇರುವ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಗಳಿಗೂ ಬೆಂಗಳೂರಿನಲ್ಲಿ ‘ಯಾವ ದೇಶ?’ ಅನ್ನುವ ಪ್ರಶ್ನೆ ತಪ್ಪಿಲ್ಲ. ಆದರೆ ಮಣಿಪುರದ ತಾಯಿಯ ಮಗಳ ವಿಷಯದಲ್ಲಿ ಲಿಯಾಂಗ್ ಹೇಳೋದೂ ನಿಜ. ಅಲ್ಲಿ ಗಾಯ ಆಗಿದ್ದೇ ಅವಳ ಒಂದು ಭಾಗ ಯಾರಿಗೂ ಕಾಣದೆ ಇದ್ದದ್ದರಿಂದ.

ನಮ್ಮಲ್ಲಿ ಕಾನೂನು ಎಲ್ಲಿದೆ?

ಅಮೆರಿಕದಲ್ಲಿ ಕನಿಷ್ಠ ಜಗಳ ಆಡೋಕೆ ಒಂದು ಕಾನೂನು ಇದೆ. 1965ರಿಂದ ಸರ್ಕಾರಿ ಗುತ್ತಿಗೆ ಕಂಪನಿಗಳ ಮೇಲೆ ಸಮಾನ ಅವಕಾಶದ ಹೊಣೆ ಹೊರಿಸಿದ್ದ ಆದೇಶವನ್ನು ಟ್ರಂಪ್ 2025ರ ಜನವರಿಯಲ್ಲಿ ರದ್ದು ಮಾಡಿದರು. ಆದರೂ 1964ರ ಕಾಯ್ದೆ ಉಳಿದಿದೆ. ನಮ್ಮಲ್ಲಿ? ಸಂವಿಧಾನದ 16ನೇ ವಿಧಿ ಜನಾಂಗದ ಆಧಾರದ ತಾರತಮ್ಯ ಬೇಡ ಅನ್ನುತ್ತೆ, ಆದರೆ ಅದು ಸರ್ಕಾರಿ ನೌಕರಿಗೆ. ಖಾಸಗಿ ಕಂಪನಿಯಲ್ಲಿ ನಿಮ್ಮ ಮುಖ, ಮೂಲ ನೋಡಿ ಬಡ್ತಿ ತಪ್ಪಿಸಿದರೆ ಅದನ್ನು ನೇರವಾಗಿ ತಾರತಮ್ಯ ಅಂತ ಕರೆದು ಪರಿಹಾರ ಕೊಡುವ ಸಮಗ್ರ ಕಾನೂನು ಇಲ್ಲ. ಶಶಿ ತರೂರ್ ತಾರತಮ್ಯ ವಿರೋಧಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆ ಆಗಲೇ ಇಲ್ಲ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಮೇಲೆ ಬೆಜ್ಬರುವಾ ಸಮಿತಿ ಈಶಾನ್ಯದವರ ರಕ್ಷಣೆಗೆ ಕಾನೂನಿನ ಬದಲಾವಣೆ ಕೇಳಿತ್ತು. ಖಾಸಗಿ ಆಫೀಸಿನ ಒಳಗಿನ ಜನಾಂಗೀಯ ತಾರತಮ್ಯಕ್ಕೆ ಇನ್ನೂ ಹೆಸರೇ ಇಲ್ಲ.

ಒಂದು ಕಡೆ ಮಾತ್ರ ನಮ್ಮ ನ್ಯಾಯಾಂಗ ದಾರಿ ತೋರಿಸಿದೆ. 2012ರ ರಮೇಶ್‌ಭಾಯ್ ದಾಭಾಯ್ ನಾಯಕ ಪ್ರಕರಣದಲ್ಲಿ ತಾಯಿ ಬುಡಕಟ್ಟಿನವರು, ತಂದೆ ಅಲ್ಲ. ಇಂಥಾ ಮಗುವಿಗೆ ತಂದೆಯ ಜಾತಿಯೇ ಅಂತ ಕಣ್ಣುಮುಚ್ಚಿ ತೀರ್ಮಾನಿಸಬೇಡಿ, ಮಗು ಯಾರ ನಡುವೆ ಬೆಳೆಯಿತು, ಯಾವ ಅವಮಾನ, ಯಾವ ಕೊರತೆ ಅನುಭವಿಸಿತು ಅಂತ ನೋಡಿ ಅಂದಿತು ಸುಪ್ರೀಂ ಕೋರ್ಟ್. ಇದು ಜಾತಿಯ ಕೇಸು. ಆದರೆ ತತ್ವ ದೊಡ್ಡದು. ಗುರುತು ಅನ್ನೋದು ಅಪ್ಪನ ರಕ್ತದ ಪ್ರಮಾಣ ಪತ್ರ ಅಲ್ಲ, ಬದುಕಿದ ಬದುಕು.

ಹಾಗಾದರೆ ಏನು ಕೇಳಬೇಕು?

ಮೊದಲನೆಯದು, ಎಣಿಕೆ. ಜನಗಣತಿಯಲ್ಲಾಗಲಿ, ಕಂಪನಿಯ ಸಮೀಕ್ಷೆಯಲ್ಲಾಗಲಿ, ಒಂದಕ್ಕಿಂತ ಹೆಚ್ಚು ಗುರುತು ಹೇಳಿಕೊಳ್ಳಲು, ಅಥವಾ ಹೇಳದೇ ಇರಲು ಅವಕಾಶ ಇರಲಿ. ಇದರಿಂದ ಮೀಸಲಾತಿಯ ಲೆಕ್ಕ ಕೆಡುತ್ತೆ, ದಮನಿತರ ಸಂಖ್ಯೆ ಕರಗುತ್ತೆ ಅನ್ನುವ ಭಯ ಇದೆ. ಅದು ಸುಳ್ಳು ಭಯ ಅಲ್ಲ. ಅಮೆರಿಕದಲ್ಲೂ 1990ರ ದಶಕದಲ್ಲಿ ಕಪ್ಪು ಸಂಘಟನೆಗಳು ಇದೇ ಮಾತಾಡಿದ್ದವು. ಅದಕ್ಕೇ ಅಲ್ಲಿ ‘ಮಿಶ್ರ’ ಅನ್ನುವ ಹೊಸ ಡಬ್ಬ ಮಾಡುವ ಬದಲು, ಇರುವ ಡಬ್ಬಗಳಲ್ಲೇ ಎರಡಕ್ಕೆ ಗುರುತು ಹಾಕುವ ದಾರಿ ಆರಿಸಿಕೊಂಡರು. ಎರಡೂ ಕಡೆ ಎಣಿಸಿದರೆ ಯಾರೂ ಕರಗೋದಿಲ್ಲ. ಕರಗೋದು ಎಲ್ಲರನ್ನೂ ‘ಇತರೆ’ಗೆ ತಳ್ಳಿದಾಗ. ಆಗ ಸಿಗೋದು 296.

ಎರಡನೆಯದು, ದೂರು. ತಾರತಮ್ಯ ಆಯಿತು ಅಂತ ಯಾರಾದರೂ ಬಂದರೆ ‘ನೀನು ನಿಜವಾಗಿ ಎಷ್ಟು ಆಫ್ರಿಕನ್, ಎಷ್ಟು ಮಣಿಪುರಿ’ ಅಂತ ಕೇಳಬಾರದು. ಮಾಡಿದವನು ಏನಂತ ತಿಳಿದು ಮಾಡಿದ ಅನ್ನೋದಷ್ಟೇ ಸಾಕು. ತಪ್ಪು ಊಹೆಯಿಂದ ಹುಟ್ಟಿದ ಅವಮಾನವೂ ಅವಮಾನವೇ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಆಫೀಸಿನಲ್ಲೂ ಸಮಿತಿ ಕಡ್ಡಾಯ ಆಗಿದೆ. ಜಾತಿ, ಜನಾಂಗ, ಮೂಲದ ಕಾರಣದ ಕಿರುಕುಳಕ್ಕೂ ಅಂಥದ್ದೊಂದು ಬಾಗಿಲು ಬೇಕು. ಕರ್ನಾಟಕದಂಥ ರಾಜ್ಯ, ಇಷ್ಟೊಂದು ಜಾಗತಿಕ ಕಂಪನಿಗಳನ್ನು ಕರೆದು ಕೂರಿಸಿಕೊಂಡಿರುವ ರಾಜ್ಯ, ಇದನ್ನು ಮೊದಲು ಮಾಡಬಹುದು.

ಮೂರನೆಯದು ನಮ್ಮ ರಾಜಕಾರಣಕ್ಕೆ. ಮಿಶ್ರ ಮೂಲದವರೇ ಭವಿಷ್ಯ, ಅವರು ಹೆಚ್ಚಾದರೆ ಜನಾಂಗಭೇದ ತಾನಾಗೇ ಸಾಯುತ್ತೆ ಅನ್ನುವ ಸಿಹಿ ಮಾತು ನಂಬಬೇಡಿ. ಕೋಲಾರದ ಗಣಿಯಲ್ಲಿ ಮಿಶ್ರ ಜನ ನೂರು ವರ್ಷ ಇದ್ದರು. ಏಣಿ ಅಲುಗಾಡಲಿಲ್ಲ, ಅವರನ್ನೇ ಒಂದು ಮೆಟ್ಟಿಲಾಗಿ ಮಾಡಿಕೊಂಡಿತು. ಹಾಗಾಗಿ ಮಿಶ್ರ ಮೂಲದ ಗೆಳೆಯರಿಗೂ ಒಂದು ಮಾತು: ನಮ್ಮನ್ನು ಬೇರೆಯಾಗಿ ನೋಡಿ ಅನ್ನುವ ಬೇಡಿಕೆ ಅಲ್ಲಿಗೇ ನಿಂತರೆ ಹಳೇ ನಡು ಮೆಟ್ಟಿಲಿಗೇ ವಾಪಸ್. ಈಶಾನ್ಯದವರ ಜೊತೆ, ಸಿದ್ದಿಗಳ ಜೊತೆ, ಆಫೀಸಿನ ಹೌಸ್‌ಕೀಪಿಂಗ್‌ನಲ್ಲಿ ದುಡಿಯುವ ದಲಿತ ಹೆಂಗಸರ ಜೊತೆ ಸೇರಿ ಕೇಳಿದರೆ ಅದೇ ಬೇಡಿಕೆಗೆ ಬೇರೆಯೇ ತೂಕ ಬರುತ್ತೆ.

ಜನಗಣತಿಯವರು ಮನೆ ಬಾಗಿಲಿಗೆ ಬಂದಾಗ ಕಾಲಂ ಒಂದೇ ಇದ್ದರೂ ಉತ್ತರ ಎರಡಿದ್ದರೆ ಎರಡನ್ನೂ ಹೇಳಿ. ಬರೆದುಕೊಳ್ಳೋದಿಲ್ಲ ಅಂದರೆ ಯಾಕೆ ಅಂತ ಕೇಳಿ. ನಾಳೆ ಆಫೀಸಿನಲ್ಲಿ ಯಾರಾದರೂ ಪಕ್ಕದವರನ್ನು ‘ಒರಿಜಿನಲ್ಲಾಗಿ ಎಲ್ಲಿ?’ ಅಂತ ಕೇಳಿದರೆ, ಅವರ ಬದಲು ನೀವೇ ಉತ್ತರ ಕೊಡಿ: ಇಲ್ಲೇ.